ಕಲಬುರಗಿಯಲ್ಲಿ ದಿನಾ ಓಡುವ ಪದ್ಮಿನಿಗೆ ಟೈರ್ ಆಯ್ಕೆ: ಒಂದು ಪ್ರಕರಣ ಅಧ್ಯಯನ

ಗಾಡಿ 1980ರ ದಶಕದ ಪ್ರೀಮಿಯರ್ ಪದ್ಮಿನಿ, 1,089 ಸಿಸಿ ಪೆಟ್ರೋಲ್. ಕಲಬುರಗಿಯ ನಿವೃತ್ತ ಅಧ್ಯಾಪಕರೊಬ್ಬರದು. ಹೊದಿಕೆ ಹಾಕಿ ನಿಲ್ಲಿಸಿದ ಗಾಡಿಯಲ್ಲ ಇದು. ವಾರದಲ್ಲಿ ಐದಾರು ದಿನ ಸೂಪರ್ ಮಾರ್ಕೆಟ್, ಗಂಜ್, ಸೇಡಂ ರಸ್ತೆ ಎಂದು ಊರೊಳಗೆ ಓಡುತ್ತದೆ. ತಿಂಗಳಿಗೆ ಒಂದೆರಡು ಸಲ ಹುಮನಾಬಾದ್ ಮೇಲೆ ಬೀದರ್‌ಗೆ, ಹುಣ್ಣಿಮೆಗೆ ಮನೆಮಂದಿಯೆಲ್ಲ ಗಾಣಗಾಪುರಕ್ಕೆ. ತೊಗರಿ ರಾಶಿಯ ದಿನಗಳಲ್ಲಿ ಡಿಕ್ಕಿಯಲ್ಲಿ ಒಂದು ಮೂಟೆಯೂ ಇರುತ್ತದೆ.

ದಿನಾ ಓಡುವುದು ಎಂಬ ಮಾತು ಇಲ್ಲಿ ಮುಖ್ಯ. 2021ರ ಜುಲೈನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ತಂದ ವಿಂಟೇಜ್ ವಾಹನ ನಿಯಮ 50 ವರ್ಷ ದಾಟಿದ ಗಾಡಿಗಳಿಗಾಗಿ ಇದೆ; ಆ ನೋಂದಣಿ ಪಡೆದವು ನಿತ್ಯದ ಓಡಾಟಕ್ಕೆ ಬಳಕೆಯಾಗುವಂತಿಲ್ಲ. ಈ ಪದ್ಮಿನಿ ಸಾಮಾನ್ಯ ನೋಂದಣಿಯಲ್ಲೇ ಇದೆ. ಆದ್ದರಿಂದ ಇದಕ್ಕೆ ಬೇಕಾದ್ದು ಪ್ರದರ್ಶನದ ಟೈರ್ ಅಲ್ಲ. ಮೇ ತಿಂಗಳ 43 ಡಿಗ್ರಿ ಬಿಸಿಲಲ್ಲಿ ಐದು ಮಂದಿಯನ್ನು ಹೊತ್ತು ಓಡಬೇಕು, ಹುಮನಾಬಾದಿನಲ್ಲಿ ಒಡೆದರೆ ಹುಮನಾಬಾದಿನಲ್ಲೇ ಅದೇ ಅಳತೆಯದು ಸಿಗಬೇಕು.

ಬಂದಾಗ ಇದ್ದ ಸ್ಥಿತಿ

ದೂರು ಮೂರು. ಬೆಳಿಗ್ಗೆ ಹೊರಟ ಮೊದಲ ಮೂರ್ನಾಲ್ಕು ಕಿ.ಮೀ. ಗಾಡಿ ಧಡಧಡ ಎನ್ನುತ್ತದೆ, ಆಮೇಲೆ ತಾನಾಗಿ ಸುಮ್ಮನಾಗುತ್ತದೆ. ಸೇಡಂ ರಸ್ತೆಯಲ್ಲಿ ಸಿಮೆಂಟ್ ಲಾರಿಗಳು ತುಳಿದು ಮಾಡಿದ ಗಾಲಿ ಜಾಡಿಗೆ ಸಿಕ್ಕರೆ ಸ್ಟೇರಿಂಗ್ ಅತ್ತಿತ್ತ ಎಳೆಯುತ್ತದೆ. ಜೂನ್‌ನ ಮೊದಲ ಮಳೆಯಲ್ಲಿ ಸಿಗ್ನಲ್ ಹತ್ತಿರ ಬ್ರೇಕ್ ಒತ್ತಿದಾಗ ಹಿಂದಿನ ಚಕ್ರ ಜಾರಿ ಗಾಡಿ ಅಡ್ಡ ತಿರುಗಿತು.

ನಾಲ್ಕೂ ಟೈರ್ 5.20-14 ಅಳತೆಯ (ಅಗಲ 5.20 ಇಂಚು, ರಿಮ್ 14 ಇಂಚು) ನೈಲಾನ್ ಕ್ರಾಸ್‌ಪ್ಲೈ, ಅಂದರೆ ದಾರದ ಪದರಗಳು ಒಂದನ್ನೊಂದು ಓರೆಯಾಗಿ ದಾಟುವ ಹಳೆ ಬಗೆ, ಒಳಗೆ ಟ್ಯೂಬ್. ಟ್ರೆಡ್, ಅಂದರೆ ನೆಲ ಮುಟ್ಟುವ ಮೈಯ ಗೀರುಗಳ ಆಳ, 5 ಮಿ.ಮೀ. ಮೇಲೇ ಇತ್ತು. ಸವೆತದ ಗುರುತು ಬರುವುದು 1.6 ಮಿ.ಮೀ.ಗೆ, ಹಾಗಾಗಿ ಮಾಲೀಕರ ಪ್ರಶ್ನೆ ಸಹಜವೇ: "ಟೈರ್ ಇನ್ನಾ ಸವದೇ ಇಲ್ಲಲ್ರೀ, ಯಾಕ ಒಗೀಬೇಕು?"

ಉತ್ತರ ಪಕ್ಕದ ಗೋಡೆಯಲ್ಲಿತ್ತು. ಟೈರ್ ಮೇಲಿನ ತಯಾರಿಕೆ ಗುರುತಿನ ಕೊನೆಯ ನಾಲ್ಕು ಅಂಕಿಗಳಲ್ಲಿ ಮೊದಲ ಎರಡು ವಾರ, ಉಳಿದೆರಡು ವರ್ಷ. ಮುಂದಿನ ಎರಡರಲ್ಲಿ 2811 ಇತ್ತು, ಅಂದರೆ 2011ರ 28ನೇ ವಾರ. ಹಿಂದಿನವು ಅದಕ್ಕಿಂತ ಹಳೆಯವು, ಸ್ಟೆಪ್ನಿಯ ಗುರುತು ಓದಲು ಬರುವಂತಿರಲಿಲ್ಲ. ಹವಾ ಬಿಟ್ಟು ಟೈರನ್ನು ಹೆಬ್ಬೆರಳಿನಿಂದ ಬಗ್ಗಿಸಿದಾಗ ಟ್ರೆಡ್ ಗೀರುಗಳ ತಳದಲ್ಲಿ ಮತ್ತು ರಿಮ್ ಅಂಚಿನ ಹತ್ತಿರ ಕೂದಲೆಳೆ ಬಿರುಕುಗಳು ಬಾಯಿ ಬಿಟ್ಟವು. ನಿಂತ ಗಾಡಿಯಲ್ಲಿ ಹವಾ ತುಂಬಿರುವಾಗ ಇವು ಕಾಣುವುದಿಲ್ಲ, ಬಗ್ಗಿಸಲೇಬೇಕು. ರಬ್ಬರ್ ಗಡಸಾಗಿತ್ತು, ಉಗುರು ಒತ್ತಿದರೆ ಗುರುತೇ ಬೀಳುತ್ತಿರಲಿಲ್ಲ. ಬಿಸಿಲು, ಗಾಳಿಯ ಓಝೋನ್, ಕಾದ ಡಾಂಬರು ಸೇರಿ ರಬ್ಬರನ್ನು ಗಡಸು ಮಾಡಿ ಬಿರುಕು ಬಿಡಿಸುತ್ತವೆ. ಟ್ರೆಡ್ ಎಷ್ಟೇ ಉಳಿದಿರಲಿ, ಅಂಥ ರಬ್ಬರ್ ಒದ್ದೆ ರಸ್ತೆ ಹಿಡಿಯುವುದಿಲ್ಲ. ಈ ಗಾಡಿಯಲ್ಲಿ ನಾಲ್ಕೂ ಕಡೆ ಡ್ರಮ್ ಬ್ರೇಕ್, ಚಕ್ರ ಬಿಗಿಯದಂತೆ ತಡೆಯುವ ಎಬಿಎಸ್ ಇಲ್ಲ. ಒಮ್ಮೆ ಚಕ್ರ ಬಿಗಿದರೆ ಉಳಿದೆಲ್ಲ ರಬ್ಬರಿನ ಹಿಡಿತದ ಮೇಲೆ.

ಬೆಳಗಿನ ಧಡಧಡಕ್ಕೆ ನೈಲಾನ್ ಕಾರಣ. ರಾತ್ರಿಯಿಡೀ ನಿಂತಾಗ ನೆಲ ಮುಟ್ಟಿದ ಜಾಗ ಚಪ್ಪಟೆಯಾಗಿ ಹಾಗೇ ಗಟ್ಟಿಯಾಗುತ್ತದೆ, ಓಡಿ ಕಾದ ಮೇಲೆ ಮತ್ತೆ ದುಂಡಗಾಗುತ್ತದೆ. ಜಾಡಿನಲ್ಲಿ ಎಳೆಯುವುದೂ ಕ್ರಾಸ್‌ಪ್ಲೈ ಸ್ವಭಾವವೇ, ಆದರೆ ಅಷ್ಟಕ್ಕೇ ಬಿಡುವಂತಿರಲಿಲ್ಲ: ಮುಂದಿನ ಎಡಗಡೆಯ ಕಿಂಗ್‌ಪಿನ್‌ನಲ್ಲಿ (ಸ್ಟೇರಿಂಗ್ ತಿರುಗಿಸಿದಾಗ ಚಕ್ರ ತಿರುಗುವ ಗೂಟ) ಕೈಗೆ ತಿಳಿಯುವಷ್ಟು ಆಟ ಇತ್ತು. ಜ್ಯಾಕ್ ಹಾಕಿ ಚಕ್ರವನ್ನು ಮೇಲೆ-ಕೆಳಗೆ ಹಿಡಿದು ಅಲುಗಾಡಿಸಿ, ಅದೇ ಹೊತ್ತಿಗೆ ಇನ್ನೊಬ್ಬರಿಂದ ಬ್ರೇಕ್ ಒತ್ತಿಸಬೇಕು. ಬ್ರೇಕ್ ಒತ್ತಿದಾಗ ಆಟ ನಿಂತರೆ ದೋಷ ಬೇರಿಂಗಿನದು, ನಿಲ್ಲದಿದ್ದರೆ ಕಿಂಗ್‌ಪಿನ್‌ನದು. ಇಲ್ಲಿ ನಿಲ್ಲಲಿಲ್ಲ. ಹೊಸ ಟೈರ್ ಹಾಕುವ ಮೊದಲೇ ಕಿಂಗ್‌ಪಿನ್ ಸೆಟ್ ಬದಲಾಯಿತು. ಇದನ್ನು ಬಿಟ್ಟು ಟೈರ್ ಹಾಕಿದ್ದರೆ ಕೆಲವೇ ಸಾವಿರ ಕಿ.ಮೀ.ಯಲ್ಲಿ ಒಂದು ಅಂಚು ತಿಂದುಹೋಗುತ್ತಿತ್ತು.

ತೂಕ ಮೊದಲು, ಅಳತೆ ಆಮೇಲೆ

ಹಳೆ ಗಾಡಿಗೆ ಟೈರ್ ಹುಡುಕುವಾಗ ಬಹಳ ಮಂದಿ ಅಂಗಡಿಯಿಂದ ಶುರು ಮಾಡುತ್ತಾರೆ. ಶುರು ಮಾಡಬೇಕಾದ್ದು ಕಾಟಾದಿಂದ. ಗಂಜ್ ಕಡೆ ತೂಕದ ಕಾಟಾಗಳಿಗೆ ಕೊರತೆಯಿಲ್ಲ. ಮುಂದಿನ ಚಕ್ರ ಮಾತ್ರ ಹತ್ತಿಸಿ ಒಂದು ಚೀಟಿ, ಹಿಂದಿನದು ಮಾತ್ರ ಹತ್ತಿಸಿ ಇನ್ನೊಂದು ಚೀಟಿ. ಚಾಲಕರೊಬ್ಬರೇ ಇದ್ದಾಗ ಮುಂದೆ 510 ಕೆಜಿ, ಹಿಂದೆ 455 ಕೆಜಿ. ಐವರು ಕೂತು ಡಿಕ್ಕಿಯಲ್ಲಿ 50 ಕೆಜಿ ಇಟ್ಟಾಗ ಮುಂದೆ 545, ಹಿಂದೆ 740. ಹೇರಿದ್ದೆಲ್ಲ ಹೆಚ್ಚುಕಡಿಮೆ ಹಿಂದಿನ ಎರಡು ಟೈರಿನ ಮೇಲೆಯೇ ಬೀಳುತ್ತದೆ: ಒಂದಕ್ಕೆ 370 ಕೆಜಿ.

ಟೈರ್ ಮೇಲೆ ಅಳತೆಯ ಪಕ್ಕದಲ್ಲಿ ಬರೆದಿರುವ ಅಂಕಿ ಭಾರದ ಸೂಚ್ಯಂಕ. 75 ಅಂದರೆ 387 ಕೆಜಿ, 79 ಅಂದರೆ 437, 85 ಅಂದರೆ 515. ಅದರ ಮುಂದಿನ ಅಕ್ಷರ ವೇಗದ್ದು: ಟಿ ಅಂದರೆ ಗಂಟೆಗೆ 190 ಕಿ.ಮೀ., ಪದ್ಮಿನಿಗೆ ಬೇಕಾದ್ದಕ್ಕಿಂತ ಬಹಳ ಹೆಚ್ಚು. ಭಾರದ ಲೆಕ್ಕದಲ್ಲಿ ಮಾತ್ರ ಜಿಪುಣತನ ಮಾಡಬಾರದು. 75ರ ಟೈರ್ ಕಾಗದದ ಮೇಲೆ ಸಾಕು, 17 ಕೆಜಿ ಮಿಕ್ಕುತ್ತದೆ. ಆದರೆ ಹವಾ ನಾಲ್ಕು ಪಿಎಸ್ಐ (ಹವಾ ಒತ್ತಡದ ಅಳತೆ) ಇಳಿದಿದ್ದರೆ, ರಸ್ತೆ ಕಾದಿದ್ದರೆ ಆ 17 ಕೆಜಿ ಎಲ್ಲಿಯೂ ಇರುವುದಿಲ್ಲ. 79ಕ್ಕಿಂತ ಕಡಿಮೆ ಬೇಡ ಎಂದು ತೀರ್ಮಾನವಾಯಿತು.

ಇನ್ನು ರಿಮ್. ಒಳಗಿನ ಅಗಲವನ್ನು ಅಂಚಿನಿಂದ ಅಂಚಿಗೆ, ಟೈರ್ ಕೂರುವ ಜಾಗದಲ್ಲಿ ಅಳೆದಾಗ 4 ಇಂಚು ಬಂತು. ನಾಲ್ಕು ದಶಕದಲ್ಲಿ ಎಷ್ಟೋ ಪದ್ಮಿನಿಗಳ ರಿಮ್ ಅದಲುಬದಲಾಗಿವೆ, ಆದ್ದರಿಂದ ಪ್ರತಿಯೊಂದನ್ನೂ ಅಳೆಯಬೇಕು. ಹಳೆ ಟೈರಿನ ಒಟ್ಟು ವ್ಯಾಸ ಸುಮಾರು 610 ಮಿ.ಮೀ.

ಮುಂದಿದ್ದ ದಾರಿಗಳು

ಮೂಲ ಅಳತೆಯ ಕ್ರಾಸ್‌ಪ್ಲೈ ಮತ್ತೆ ಹಾಕುವುದು ಮಾಲೀಕರ ಮನಸ್ಸಿನಲ್ಲಿದ್ದ ದಾರಿ. ಅದರಲ್ಲಿ ತಪ್ಪಿಲ್ಲ, ಗಾಡಿಯ ಸ್ಪ್ರಿಂಗು, ಸ್ಟೇರಿಂಗ್ ರೂಪುಗೊಂಡದ್ದೇ ಆ ಟೈರಿಗೆ. ನಿಂತಲ್ಲಿ ತಿರುಗಿಸಲು ಹಗುರ, ನೋಟವೂ ಸರಿ. ತೊಡಕು ಬೇರೆ: ಈ ಅಳತೆ ಈಗ ನಿಧಾನವಾಗಿ ಬಿಕರಿಯಾಗುತ್ತದೆ, ಅಂಗಡಿಯ ಅಟ್ಟದ ಮೇಲೆ ವರ್ಷಗಟ್ಟಲೆ ಕೂತಿರುತ್ತದೆ. ವಿಚಾರಿಸಿದಾಗ ಸಿಕ್ಕ ಎರಡು ಬಳಕೆಯಾಗದ ಟೈರ್‌ಗಳ ಮೇಲೂ ಏಳು ವರ್ಷ ಹಿಂದಿನ ಗುರುತು ಇತ್ತು, ತಗಡು ಛಾವಣಿಯ ಕೆಳಗೆ ಇಟ್ಟಿದ್ದವು. ಬಿಸಿ ಗೋದಾಮಿನಲ್ಲಿ ಕಳೆದ ಬೇಸಿಗೆಗಳೂ ಟೈರಿನ ಆಯುಷ್ಯಕ್ಕೆ ಲೆಕ್ಕವೇ. ಐದನ್ನೂ ಒಂದೇ ಹೊತ್ತಿಗೆ, ಒಂದೇ ವಯಸ್ಸಿನಲ್ಲಿ ಹೊಂದಿಸುವುದು ಆಗಲಿಲ್ಲ.

ಹಳೆ ಗಾಡಿಗಳಿಗೆಂದೇ ವಿದೇಶದಲ್ಲಿ ತಯಾರಾಗುವ ತೆಳು ರೇಡಿಯಲ್ (ದಾರಗಳು ಅಂಚಿನಿಂದ ಅಂಚಿಗೆ ನೇರ ಅಡ್ಡಲಾಗಿ ಹೋಗುವ ಈಗಿನ ಬಗೆ) ತರಿಸಬಹುದಿತ್ತು. ಒಂದು ಟೈರಿನ ಗೋಡೆ ಕಲ್ಲಿಗೆ ಕೊಯ್ದುಕೊಂಡರೆ ಮುಂದಿನದು ಬರುವವರೆಗೆ ಗಾಡಿ ನಿಂತುಬಿಡುತ್ತದೆ. ದಿನದ ಗಾಡಿಗೆ ಒಗ್ಗದ ಮಾತು.

ಅಂಗಡಿಯವರ ಸಲಹೆ ಎರಡು. ಮೊದಲನೆಯದು ಮಾಲು ಸಾಗಿಸುವ ಸಣ್ಣ ಗಾಡಿಗಳಿಗೆ ಬರುವ 14 ಇಂಚಿನ 8 ಪ್ಲೈ ಎಲ್‌ಟಿ (ಲೈಟ್ ಟ್ರಕ್, ದಪ್ಪ ಗೋಡೆಯ) ಟೈರ್, "ಗಟ್ಟಿ ಇರ್ತದ್ರಿ, ಪಂಚರ್ ಆಗಂಗಿಲ್ಲ" ಎಂಬ ಭರವಸೆಯೊಂದಿಗೆ. ಈ ಭಾಗದಲ್ಲಿ ಬಹಳ ಗಾಡಿಗಳು ಹಾಳಾಗುವುದು ಈ ಮಾತಿನಿಂದಲೇ. ಎಲ್‌ಟಿ ಟೈರಿನ ಗೋಡೆ ಬಗ್ಗಲು ಗಾಡಿಯ ಭಾರವೇ ಸಾಲದು. ಗುಂಡಿಯ ಪೆಟ್ಟು ನೇರ ಕಿಂಗ್‌ಪಿನ್, ಟೈ ರಾಡ್, ಹಿಂದಿನ ಪಟ್ಟಿ ಸ್ಪ್ರಿಂಗಿನ ಬುಷ್‌ಗಳಿಗೆ ಹೋಗುತ್ತದೆ. ಅದರ ರಬ್ಬರ್ ಭಾರ ಹೊರಲು, ಬಹುಕಾಲ ಬಾಳಲು ಮಾಡಿದ್ದು, ಹಗುರ ಕಾರಿನಡಿ ಮಳೆಯಲ್ಲಿ ಹಿಡಿಯಲು ಅಲ್ಲ. ಮಾಲೀಕರ ಮೂರನೇ ದೂರನ್ನು ಇದು ಇನ್ನಷ್ಟು ಕೆಡಿಸುತ್ತಿತ್ತು.

ಎರಡನೆಯದು 175/65 ಆರ್14: ಅಗಲ 175 ಮಿ.ಮೀ., ಗೋಡೆಯ ಎತ್ತರ ಅದರ ಶೇ. 65, ರೇಡಿಯಲ್, ರಿಮ್ 14 ಇಂಚು. ಸುಲಭವಾಗಿ ಸಿಗುತ್ತದೆ, ನೋಡಲು ಅಗಲ. ಲೆಕ್ಕ ಹಾಕಿದರೆ ವ್ಯಾಸ 583 ಮಿ.ಮೀ., ಮೂಲಕ್ಕಿಂತ ಶೇ. 4.4 ಕಡಿಮೆ. ಗಾಡಿ 13 ಮಿ.ಮೀ. ತಗ್ಗುತ್ತದೆ, ಇಂಜಿನ್ ಅದೇ ವೇಗಕ್ಕೆ ಹೆಚ್ಚು ಸುತ್ತು ಹೊಡೆಯುತ್ತದೆ, ಸ್ಪೀಡೋಮೀಟರ್ ಹೆಚ್ಚು ತೋರಿಸುತ್ತದೆ. ಅದಕ್ಕಿಂತ ದೊಡ್ಡದು, ಈ ಟೈರಿಗೆ ಕನಿಷ್ಠ 5 ಇಂಚಿನ ರಿಮ್ ಬೇಕು. 4 ಇಂಚಿನ ರಿಮ್‌ಗೆ ಹಾಕಿದರೆ ಗೋಡೆಗಳು ಒಳಕ್ಕೆ ಚಿವುಟಿದಂತಾಗಿ ಟ್ರೆಡ್ ನಡುವೆ ಉಬ್ಬುತ್ತದೆ, ತಿರುವಿನಲ್ಲಿ ಗಾಡಿ ತೇಲುತ್ತದೆ.

ಉಳಿದದ್ದು 165/80 ಆರ್14, 85 ಟಿ. ಹಳೆ ಸ್ವಿಫ್ಟ್, ಡಿಸೈರ್‌ಗಳ ಕೆಳ ಮಾದರಿಗಳಿಗೆ ಬಂದ ಅಳತೆ; ಟ್ಯಾಕ್ಸಿಗಳಾಗಿ ಓಡುವ ಡಿಸೈರ್‌ಗಳ ಪುಣ್ಯದಿಂದ ಕಲಬುರಗಿ, ಹುಮನಾಬಾದ್, ಬೀದರ್, ಯಾದಗಿರಿ ಎಲ್ಲ ಕಡೆ ಸಿಗುತ್ತದೆ, ಬೇಗ ಬಿಕರಿಯಾಗುವುದರಿಂದ ತಾಜಾ ಇರುತ್ತದೆ. ವ್ಯಾಸ: 165ರ ಶೇ. 80 ಅಂದರೆ 132, ಅದರ ಎರಡರಷ್ಟು 264, ರಿಮ್‌ನ 355.6 ಸೇರಿ 619.6 ಮಿ.ಮೀ. ಮೂಲಕ್ಕಿಂತ ಶೇ. 1.6 ಹೆಚ್ಚು. ಸ್ಪೀಡೋಮೀಟರ್ 60 ತೋರಿಸುವಾಗ ನಿಜ ವೇಗ 61ರ ಹತ್ತಿರ, ಲೆಕ್ಕಕ್ಕಿಡುವ ವ್ಯತ್ಯಾಸವಲ್ಲ. 4 ಇಂಚಿನ ರಿಮ್ ಈ ಟೈರಿಗೆ ಅನುಮತಿಸಿದ ಕನಿಷ್ಠ ಅಳತೆ. ಹಿಂದಿನ ಟೈರಿಗೆ ತುಂಬಿದ ಭಾರ 370, ತಾಳುವ ಶಕ್ತಿ 515. ಆಯ್ಕೆ ಇದೇ ಆಯಿತು, ಐದು ಟೈರ್.

ಐದು ಎಂದದ್ದಕ್ಕೆ ಕಾರಣವಿದೆ. ಮುಂದೆ ರೇಡಿಯಲ್, ಹಿಂದೆ ಕ್ರಾಸ್‌ಪ್ಲೈ ಎಂದೂ ಹಾಕಬಾರದು. ರೇಡಿಯಲ್ ತಿರುವಿನಲ್ಲಿ ಗಟ್ಟಿಯಾಗಿ ಹಿಡಿಯುತ್ತದೆ, ಕ್ರಾಸ್‌ಪ್ಲೈ ಹೆಚ್ಚು ಜಾರಿದ ಮೇಲೆ ಹಿಡಿಯುತ್ತದೆ. ಮುಂಭಾಗ ತಿರುಗಿದಾಗ ಹಿಂಭಾಗ ಹೊರಗೆ ಎಸೆದುಕೊಳ್ಳುತ್ತದೆ. ಸ್ಟೆಪ್ನಿ ಹಳೆ ಕ್ರಾಸ್‌ಪ್ಲೈ ಆಗಿದ್ದರೆ ಒಂದು ಪಂಚರ್ ಆದ ಕೂಡಲೇ ಇದೇ ಸ್ಥಿತಿ ಬರುತ್ತದೆ.

ಟೈರಿಗಿಂತ ರಿಮ್ ಹೆಚ್ಚು ಹೊತ್ತು ತೆಗೆದುಕೊಂಡಿತು

ಹಿಡಿತ ಹೆಚ್ಚಿದಷ್ಟೂ ಪಕ್ಕದ ಬಲ ರಿಮ್‌ಗೆ ಹೆಚ್ಚು ಹೋಗುತ್ತದೆ. ಕ್ರಾಸ್‌ಪ್ಲೈ ಕಾಲದ ಹಳೆ ಕಬ್ಬಿಣದ ರಿಮ್‌ಗಳು ರೇಡಿಯಲ್ ಹಾಕಿದ ಮೇಲೆ ಬೋಲ್ಟ್ ರಂಧ್ರಗಳ ಸುತ್ತ, ನಡುವಿನ ತಟ್ಟೆ ಬೆಸೆದ ಕಡೆ ಸೀಳುವುದುಂಟು. ಐದೂ ರಿಮ್ ಬಿಚ್ಚಿ ತಂತಿ ಬ್ರಷ್‌ನಿಂದ ತುಕ್ಕು ತೆಗೆದು ಡೈ ಪೆನೆಟ್ರಂಟ್ ಪರೀಕ್ಷೆ ಮಾಡಲಾಯಿತು. ಕ್ಲೀನರ್ ಹೊಡೆದು ಒರೆಸುವುದು, ಕೆಂಪು ದ್ರವ ಹೊಡೆದು ಹತ್ತು ಹದಿನೈದು ನಿಮಿಷ ಬಿಡುವುದು, ಒರೆಸಿ ಬಿಳಿ ಡೆವಲಪರ್ ಹೊಡೆಯುವುದು. ಸೀಳಿದ್ದರೆ ಬಿಳಿಯ ಮೇಲೆ ಕೆಂಪು ಗೆರೆ ಏಳುತ್ತದೆ. ಒಂದು ರಿಮ್‌ನಲ್ಲಿ ಎರಡು ಬೋಲ್ಟ್ ರಂಧ್ರಗಳಿಂದ ಗೆರೆ ಹೊರಟಿತ್ತು. ಅದನ್ನು ವೆಲ್ಡಿಂಗ್‌ಗೆ ಕಳಿಸಲಿಲ್ಲ, ಗುಜರಿಗೆ ಕಳಿಸಲಾಯಿತು. ಬೋಲ್ಟ್ ಸುತ್ತ ಬೆಸೆದ ರಿಮ್ ಬೆಸುಗೆಯ ಪಕ್ಕದಲ್ಲೇ ಮತ್ತೆ ಸೀಳುತ್ತದೆ. ಇನ್ನೊಂದು ರಿಮ್ ಪಕ್ಕಕ್ಕೆ 3 ಮಿ.ಮೀ. ಓಲಾಡುತ್ತಿತ್ತು. 1.5 ಮಿ.ಮೀ. ಮೀರಿದ್ದನ್ನು ಬ್ಯಾಲೆನ್ಸಿಂಗ್ ಸರಿಮಾಡಲಾರದು, ಅದೂ ಬದಲಾಯಿತು.

ಬಣ್ಣ ಬಳಿಯುವಾಗ ಬೋಲ್ಟ್ ಕೂರುವ ಕುಳಿಗಳಿಗೂ, ಹಬ್‌ಗೆ ತಾಗುವ ಹಿಂಬದಿಗೂ ದಪ್ಪ ಬಣ್ಣ ಬೀಳದಂತೆ ನೋಡಬೇಕು. ಬಣ್ಣ ಒತ್ತಡಕ್ಕೆ ಕುಸಿಯುತ್ತದೆ, ಬೋಲ್ಟ್ ಸಡಿಲವಾಗುತ್ತದೆ.

ಟ್ಯೂಬ್ ಬೇಕೋ ಬೇಡವೋ ಎಂಬುದನ್ನೂ ರಿಮ್ಮೇ ಹೇಳುತ್ತದೆ. ಟೈರಿನ ಅಂಚು ಕೂರುವ ಜಾಗದ ಒಳಬದಿಗೆ ಬೆರಳಾಡಿಸಿದರೆ ಟ್ಯೂಬ್‌ಲೆಸ್ ರಿಮ್‌ನಲ್ಲಿ ಒಂದು ದಿಣ್ಣೆ ಸುತ್ತಲೂ ಸಿಗುತ್ತದೆ. ತಿರುವಿನಲ್ಲಿ ಟೈರ್ ಅಂಚು ಜಾರಿ ಒಳಕ್ಕೆ ಬೀಳದಂತೆ ತಡೆಯುವುದು ಆ ದಿಣ್ಣೆ. ಇವುಗಳಲ್ಲಿ ಅದಿರಲಿಲ್ಲ. ಹವಾ ನಿಂತಿತು ಎಂದ ಮಾತ್ರಕ್ಕೆ ಇಂಥ ರಿಮ್‌ಗೆ ಟ್ಯೂಬ್‌ಲೆಸ್ ಹಾಕುವವರಿದ್ದಾರೆ. ಹವಾ ಕಡಿಮೆಯಾದ ದಿನ ಒಂದು ಬಿಗಿ ತಿರುವಿನಲ್ಲಿ ಟೈರ್ ಒಮ್ಮೆಲೇ ರಿಮ್ ಬಿಡುತ್ತದೆ. ಆದ್ದರಿಂದ ಟ್ಯೂಬ್‌ಲೆಸ್ ಟೈರೇ ಆದರೂ ಒಳಗೆ ರೇಡಿಯಲ್‌ಗೆ ತಕ್ಕ 165 ಆರ್14 ಅಳತೆಯ ಹೊಸ ಟ್ಯೂಬ್. ಹಳೆಯ 5.20 ಟ್ಯೂಬ್ ಹಾಕಿದರೆ ಹಿಗ್ಗಿ ತೆಳುವಾಗಿ ಕಾವಿಗೆ ಒಡೆಯುತ್ತದೆ.

ಜೋಡಣೆ, ಮತ್ತು ಬಂದ ಒಂದು ತೊಂದರೆ

ಜೋಡಿಸುವ ಮೊದಲು ಒಂದೇ ಚಕ್ರ ಸಿದ್ಧಮಾಡಿ ಜಾಗ ನೋಡಲಾಯಿತು. 4 ಇಂಚಿನ ರಿಮ್ ಮೇಲೆ ಈ ಟೈರಿನ ಅಗಲ ಸುಮಾರು 160 ಮಿ.ಮೀ., ಹಳೆಯದಕ್ಕಿಂತ ಒಂದೊಂದು ಬದಿಗೆ 13 ಮಿ.ಮೀ. ಹೆಚ್ಚು. ಮಕ್ಕಳು ಆಡುವ ಕ್ಲೇ ಉಂಡೆಗಳನ್ನು ಚಕ್ರದ ಕಮಾನಿನ ಒಳಗೂ ಸ್ಪ್ರಿಂಗ್ ಪಕ್ಕದಲ್ಲೂ ಅಂಟಿಸಿ, ಸ್ಟೇರಿಂಗನ್ನು ಎರಡೂ ಕೊನೆಗೆ ತಿರುಗಿಸಿ, ಹಿಂದೆ ಮೂವರನ್ನು ಕೂರಿಸಿ ಉಬ್ಬಿನ ಮೇಲೆ ಹತ್ತಿಸಬೇಕು. ಉಂಡೆ ಎಷ್ಟಕ್ಕೆ ಒತ್ತಿದೆಯೋ ಅಷ್ಟು ಜಾಗ ಉಳಿದಿದೆ. ಎಲ್ಲೂ 12 ಮಿ.ಮೀ.ಗಿಂತ ಕಡಿಮೆ ಬರಲಿಲ್ಲ. ಸ್ಟೆಪ್ನಿ ಡಿಕ್ಕಿಯ ಜಾಗದಲ್ಲಿ ಸ್ವಲ್ಪ ಬಿಗಿಯಾಗಿಯೇ ಕೂತಿತು.

ಟ್ಯೂಬ್‌ಗೆ ಟಾಲ್ಕ್ ಪುಡಿ ಸವರಿ, ಹವಾ ತುಂಬಿ, ಪೂರ್ತಿ ಬಿಟ್ಟು, ಮತ್ತೆ ತುಂಬಬೇಕು, ಮಡಿಕೆ ಬಿಡಿಸಿಕೊಳ್ಳುತ್ತದೆ. ಹೀಗೆ ಮಾಡಿಯೂ ಮೂರನೇ ವಾರಕ್ಕೆ ಹಿಂದಿನ ಬಲ ಚಕ್ರದಲ್ಲಿ ದಿನಕ್ಕೆ ಐದಾರು ಪಿಎಸ್ಐ ಇಳಿಯತೊಡಗಿತು. ಮೊದಲ ಅನುಮಾನ ಬಳ್ಳಾರಿ ಜಾಲಿ ಮುಳ್ಳಿನ ಮೇಲೆ. ಹೊಲದ ದಾರಿಯಲ್ಲಿ ಓಡುವ ಗಾಡಿಗೆ ಅದು ನಿತ್ಯದ ಪೀಡೆ. ಮುಳ್ಳು ಇರಲಿಲ್ಲ. ಟೈರ್ ಒಳಮೈಗೆ ಅಂಟಿಸಿದ್ದ ಕಾಗದದ ಚೀಟಿಯನ್ನು ಜೋಡಿಸಿದ ಅಂಗಡಿಯಲ್ಲಿ ಕಿತ್ತಿರಲಿಲ್ಲ, ಅದರ ಅಂಚು ಟ್ಯೂಬನ್ನು ಉಜ್ಜುತ್ತಿತ್ತು. ಟ್ಯೂಬ್‌ಲೆಸ್‌ನಲ್ಲಿ ಈ ಚೀಟಿ ನಿರುಪದ್ರವಿ, ಟ್ಯೂಬ್ ಇದ್ದಾಗ ಮಾತ್ರ ಕೆಡುಕು. ಐದೂ ಟೈರ್ ಬಿಚ್ಚಿ, ಚೀಟಿ ಕಿತ್ತು, ಒಳಮೈಯ ಒರಟು ಗೆರೆಗಳನ್ನು ನಯವಾದ ಉಜ್ಜು ಕಾಗದದಿಂದ ಮೆಲ್ಲಗೆ ತೀಡಿ, ಆ ಒಂದು ಟ್ಯೂಬ್ ಬದಲಿಸಿದ ಮೇಲೆ ದೂರು ನಿಂತಿತು.

ಬ್ಯಾಲೆನ್ಸಿಂಗ್ ಯಂತ್ರದಲ್ಲಿ ಹಳೆ ರಿಮ್‌ನ ನಡುವಿನ ರಂಧ್ರವನ್ನು ನಂಬುವಂತಿರಲಿಲ್ಲ. ಕೋನ್ ಹಾಕಿ ಹಿಡಿದಾಗ ಒಂದೇ ಚಕ್ರ ಎರಡು ಸಲಕ್ಕೆ ಎರಡು ಲೆಕ್ಕ ತೋರಿಸಿತು. ಬೋಲ್ಟ್ ರಂಧ್ರಗಳನ್ನೇ ಹಿಡಿಯುವ ಪ್ಲೇಟ್ ಇರುವ ಕಡೆ ಒಯ್ದಾಗ ಸರಿಹೋಯಿತು. ಬೋಲ್ಟ್‌ಗಳನ್ನು ಎದುರು-ಬದುರು ಕ್ರಮದಲ್ಲಿ ಕೈಯಿಂದ ಬಿಗಿದು, 50 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ನೋಡಲಾಯಿತು. ಕ್ರಾಸ್‌ಪ್ಲೈಗೆಂದು ಹೆಚ್ಚಾಗಿ ಇಟ್ಟಿದ್ದ ಟೋ-ಇನ್ (ಮುಂದಿನ ಚಕ್ರಗಳ ಮುಂಬದಿ ಒಳಕ್ಕೆ ವಾಲಿರುವ ಅಳತೆ) ಅನ್ನು 1 ಮಿ.ಮೀ. ಆಸುಪಾಸಿಗೆ ಇಳಿಸಲಾಯಿತು, ರೇಡಿಯಲ್‌ಗೆ ಅಷ್ಟು ಸಾಕು, ಹೆಚ್ಚಿದ್ದರೆ ಹೊರ ಅಂಚು ಸವೆಯುತ್ತದೆ.

ಹವಾ

ಕ್ರಾಸ್‌ಪ್ಲೈ ಕಾಲದ ಕೈಪಿಡಿಯ ಅಂಕಿಗಳು ಈಗ ನಡೆಯುವುದಿಲ್ಲ, ಡಿಸೈರ್‌ನದೂ ನಡೆಯುವುದಿಲ್ಲ. ಕಾಟಾ ಚೀಟಿ ಇಟ್ಟುಕೊಂಡು ಮುಂದೆ 26, ಹಿಂದೆ 28 ಪಿಎಸ್ಐ ಇಂದ ಶುರುವಾಯಿತು. ಗಾಣಗಾಪುರಕ್ಕೆ ಐವರು ಹೊರಟ ದಿನ 28 ಮತ್ತು 32. ಸರಿಯೇ ಎಂದು ನೋಡಲು ಎರಡು ದಾರಿ. ಟ್ರೆಡ್ ಮೇಲೆ ಅಡ್ಡಲಾಗಿ ಸೀಮೆಸುಣ್ಣದ ಗೆರೆ ಎಳೆದು ನೇರವಾಗಿ ನೂರಿನ್ನೂರು ಮೀಟರ್ ಓಡಿಸುವುದು. ನಡುವೆ ಮಾತ್ರ ಅಳಿಸಿದರೆ ಹವಾ ಹೆಚ್ಚು, ಅಂಚುಗಳಲ್ಲಿ ಮಾತ್ರ ಅಳಿಸಿದರೆ ಕಡಿಮೆ. ಎರಡನೆಯದು ಕಾವಿನ ಪರೀಕ್ಷೆ: ಹುಮನಾಬಾದ್ ಮುಟ್ಟಿದ ಕೂಡಲೇ ಅಳೆದಾಗ 3ರಿಂದ 4 ಪಿಎಸ್ಐ ಏರಿದ್ದರೆ ಸರಿ. ಆರರ ಮೇಲೆ ಏರಿದ್ದರೆ ಹೊರಡುವಾಗಲೇ ಹವಾ ಕಡಿಮೆ ಇತ್ತು ಅಥವಾ ಭಾರ ಹೆಚ್ಚಾಯಿತು. ಹಾಗೆ ಏರಿದ ಹವಾವನ್ನು ಅಲ್ಲೇ ಬಿಡಬಾರದು. ಬಿಟ್ಟರೆ ಮರುದಿನ ಬೆಳಿಗ್ಗೆ ಟೈರ್ ಇನ್ನೂ ಮೆತ್ತಗಿರುತ್ತದೆ, ಇನ್ನೂ ಹೆಚ್ಚು ಕಾಯುತ್ತದೆ.

ಅಳೆಯುವುದು ಬೆಳಿಗ್ಗೆ, ಬಿಸಿಲು ಬೀಳುವ ಮೊದಲು, ಸ್ವಂತ ಗೇಜ್‌ನಿಂದ. 6-7 ಡಿಗ್ರಿ ತಾಪ ಬದಲಾದರೆ ಸುಮಾರು 1 ಪಿಎಸ್ಐ ಬದಲಾಗುತ್ತದೆ. ಡಿಸೆಂಬರಿನ ಬೆಳಗಿಗೂ ಮೇ ತಿಂಗಳ ಬೆಳಗಿಗೂ ಇಲ್ಲಿ ಎರಡು ಪಿಎಸ್ಐ ಅಂತರ ಸಹಜ. ಬಿಸಿಲಲ್ಲಿ ನಿಂತ ಗಾಡಿಯ ಒಂದು ಬದಿಯ ಟೈರ್ ಮಾತ್ರ ಹೆಚ್ಚು ತೋರಿಸುತ್ತದೆ, ಅದನ್ನು ನೋಡಿ ಸರಿಮಾಡಲು ಹೋಗಬಾರದು.

ಮಾಲೀಕರಿಗೆ ಒತ್ತಿ ಹೇಳಿದ್ದು ಇನ್ನೊಂದು. ರೇಡಿಯಲ್‌ನ ಗೋಡೆ ಸರಿಯಾದ ಹವಾದಲ್ಲೂ ನೆಲದ ಹತ್ತಿರ ಸ್ವಲ್ಪ ಉಬ್ಬಿರುತ್ತದೆ. ಕ್ರಾಸ್‌ಪ್ಲೈ ನೋಡಿದ ಕಣ್ಣಿಗೆ ಹವಾ ಇಳಿದಂತೆ ಕಾಣುತ್ತದೆ, ಪೆಟ್ರೋಲ್ ಬಂಕ್‌ನಲ್ಲಿ ಕೇಳದೆಯೇ 35 ತುಂಬಿಬಿಡುತ್ತಾರೆ. ಈ ಹಗುರ ಗಾಡಿ 35ಕ್ಕೆ ಗುಂಡಿಗಳ ಮೇಲೆ ಪುಟಿಯುತ್ತದೆ, ಒದ್ದೆಯಲ್ಲಿ ಹಿಡಿತವೂ ಕಡಿಮೆಯಾಗುತ್ತದೆ. ಡ್ಯಾಶ್‌ಬೋರ್ಡ್ ಒಳಬದಿಯಲ್ಲಿ 26-28 ಎಂದು ಚೀಟಿ ಅಂಟಿಸಲಾಯಿತು.

ಬಿಳಿ ಪಟ್ಟಿಯ ಆಸೆಯೂ ಅವರಿಗಿತ್ತು. ಟೈರ್ ಮತ್ತು ರಿಮ್ ನಡುವೆ ಸಿಕ್ಕಿಸುವ ಬಿಳಿ ರಬ್ಬರ್ ಉಂಗುರಗಳ ಹಿಂದೆ ನಮ್ಮ ಕರಿ ಮಣ್ಣಿನ ಧೂಳು ಸೇರಿ ಓಡಿದಷ್ಟೂ ಗೋಡೆಯನ್ನು ತೀಡುತ್ತದೆ. ಬೇಡ ಎಂದಾಯಿತು.

ಈಗ ಬೆಳಗಿನ ಧಡಧಡ ಇಲ್ಲ, ಜಾಡಿನಲ್ಲಿ ಗಾಡಿ ನೇರ ಹೋಗುತ್ತದೆ. ಒದ್ದೆ ರಸ್ತೆಯಲ್ಲಿ ಗಟ್ಟಿಯಾಗಿ ಒತ್ತಿದರೆ ಚಕ್ರ ಈಗಲೂ ಬಿಗಿಯುತ್ತದೆ, ಆದರೆ ಮೊದಲಿಗಿಂತ ತಡವಾಗಿ, ಗಾಡಿ ಅಡ್ಡ ತಿರುಗದೆ. ನಿಂತಲ್ಲಿ ಸ್ಟೇರಿಂಗ್ ತಿರುಗಿಸುವುದು ಭಾರವಾಗಿದೆ. ಗಂಜ್‌ನ ಇಕ್ಕಟ್ಟಿನಲ್ಲಿ ಗಾಡಿ ಸ್ವಲ್ಪ ಉರುಳುವಾಗಲೇ ತಿರುಗಿಸುವ ರೂಢಿ ಮಾಡಿಕೊಳ್ಳಬೇಕಾಯಿತು. ಡಿಕ್ಕಿಯಲ್ಲಿ ಒಂದು ಹೊಸ 165 ಆರ್14 ಟ್ಯೂಬ್ ಟಾಲ್ಕ್ ಸವರಿ ಬಟ್ಟೆಯಲ್ಲಿ ಸುತ್ತಿಟ್ಟಿದೆ, ಟ್ಯೂಬ್‌ಲೆಸ್‌ಗೆ ಪ್ಲಗ್ ಹಾಕಿ ರೂಢಿಯಾದ ಹೆದ್ದಾರಿ ಪಂಚರ್ ಅಂಗಡಿಗಳಲ್ಲಿ ಈ ಅಳತೆಯ ಟ್ಯೂಬ್ ಸಿಗದೆ ಹೋಗಬಹುದು. 8,000 ಕಿ.ಮೀ.ಗೆ ಒಮ್ಮೆ ಮುಂದಿನವನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಅದೇ ಬದಿಯಲ್ಲಿ ಬದಲಿಸುವುದು, ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಹವಾ ಬಿಟ್ಟು ಗೋಡೆ ಬಗ್ಗಿಸಿ ನೋಡುವುದು, ತಯಾರಿಕೆಯಿಂದ ಏಳನೇ ವರ್ಷಕ್ಕೆ ಟ್ರೆಡ್ ಎಷ್ಟೇ ಉಳಿದಿದ್ದರೂ ಸ್ಟೆಪ್ನಿ ಸೇರಿ ಐದನ್ನೂ ಇಳಿಸುವುದು ಎಂದು ಸರ್ವಿಸ್ ಪುಸ್ತಕದಲ್ಲಿ ಬರೆದಿಟ್ಟಿದೆ.